ಹಿಟ್ಟಿನ ಧೂಳು

ಬೇಕರಿಯಲ್ಲಿ ಹಿಟ್ಟು ಕಲಸುವ ಅಕ್ಕನಿಗೆ ವರ್ಷದಿಂದ ಕೆಮ್ಮು ಬಿಟ್ಟಿರಲಿಲ್ಲ. ಎರಡು ಮಾತಾಡುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಬೇಕರಿ ನಡೆಸುತ್ತಿದ್ದ ತಮ್ಮ, "ಇನ್ನು ಸಾಕು, ಮನೇಲಿರು ಅಕ್ಕಾ," ಎಂದರೂ ಅವಳು ಹಿಟ್ಟು ಕಲಸುವುದನ್ನು ಬಿಡಲಿಲ್ಲ. ಈ ಕೆಲಸ ಬಿಟ್ಟು ಹೇಗಿರುವುದೆಂದೇ ಅವಳಿಗೆ ತಿಳಿಯದು.

ಆ ವಾರವೇ ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಳು. ಧೂಳು ಅಳೆಯುವ ಪುಟ್ಟ ಯಂತ್ರವನ್ನು ಅಕ್ಕನ ಹೆಗಲ ಬಳಿ ಸಿಕ್ಕಿಸಿ, "ರಜೆಯಲ್ಲಿ ಕೆಮ್ಮು ಹೇಗಿರುತ್ತಮ್ಮಾ?" ಎಂದು ಕೇಳಿದಳು.

ಅಕ್ಕ ಯೋಚಿಸಿದಳು. "ಮಗಳ ಮನೆಗೆ ಹೋದಾಗ ಕೆಮ್ಮೇ ಇರಲ್ಲ ನೋಡು. ಅಳಿಯನ ಮುಂದೆ ಮರ್ಯಾದೆಗೆ ಸುಮ್ಮನಿರುತ್ತೆ ಅಂದ್ಕೊಂಡಿದ್ದೆ."

ಹುಡುಗಿ ನಕ್ಕಳು. "ಅಳಿಯ ಅಲ್ಲಮ್ಮಾ, ಅಲ್ಲಿ ಹಿಟ್ಟಿನ ಧೂಳಿಲ್ಲ. ಎಷ್ಟೋ ಬೇಕರಿಗಳಲ್ಲಿ ಇದನ್ನೇ ನೋಡಿದೀವಿ. ಮೊದಲು ಡಾಕ್ಟರಿಗೆ ತೋರಿಸಿ. ಧೂಳು ಏಳದ ಹಾಗೆ ಏನು ಮಾಡಬೇಕು ಅಂತ ನಾನು ಹೇಳ್ತೀನಿ."

ಅವಳು ಹೇಳಿದಂತೆ ತಮ್ಮ ಹಿಟ್ಟು ಕಲಸುವ ಯಂತ್ರಕ್ಕೆ ಮುಚ್ಚಳ ಹಾಕಿಸಿದ. ಖಾಲಿ ಚೀಲ ಕೊಡವುವುದು, ಒಣ ನೆಲ ಗುಡಿಸುವುದು ನಿಂತವು. ಡಾಕ್ಟರ ಔಷಧಿಯೂ ಸೇರಿ, ಕೆಲವು ತಿಂಗಳಲ್ಲಿ ಅಕ್ಕನ ಉಸಿರು ಹಗುರಾಯಿತು. ಮನೆಯಲ್ಲಿರು ಎಂಬ ಮಾತನ್ನು ತಮ್ಮ ಮತ್ತೆ ಎತ್ತಲಿಲ್ಲ.

ಹುಡುಗಿ ಇನ್ನೊಮ್ಮೆ ಬಂದಾಗ ಅಕ್ಕ ಬಿಸಿ ಬನ್ನು ತಂದು ಅವಳ ಕೈಗಿಟ್ಟಳು.

"ಎಲ್ಲೆಲ್ಲೋ ಯಾರ್ಯಾರೋ ಕೆಮ್ಮಿದ್ದನ್ನ ನೀವು ಕೂತು ಕೇಳಿದ್ರಿ ತಾಯಿ, ಅದರಿಂದ ನನ್ನ ಕೆಲಸ ಉಳೀತು. ಅವರಿಗೂ ಒಂದೊಂದು ಬನ್ನು ಕೊಡೋ ಹಾಗಿದ್ದಿದ್ರೆ ಚೆನ್ನಾಗಿರ್ತಿತ್ತು."

ಹುಡುಗಿ ಆ ಬನ್ನು ಮುಗಿಸಿ, ತಾನೇ ಕೇಳಿ ಇನ್ನೊಂದು ಇಸಿದುಕೊಂಡು ತಿಂದಳು.