ಹೆಸರು ಬರೆಯದ ಕೇಕು

ಕೇಕು ತಿನ್ನುವುದಕ್ಕೆ ಶಂಭುವಿನ ಅಭ್ಯಂತರವೇನೂ ಇರಲಿಲ್ಲ. ಪುಕ್ಕಟೆ ಕೇಕಿನ ಮೇಲೆ ಮಾತ್ರ ಅವನಿಗೆ ಗುಮಾನಿ. ಬಂಟ್ವಾಳದ ಹೊರಗಿನ ಗೇರುಬೀಜದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರು ನೋಡಿಕೊಂಡು ಬಂದವನು ಅವನು. ಕಾರಣವಿಲ್ಲದೆ ಒಂದು ಬೀಜವೂ ಗೋಣಿಯಿಂದ ಹೊರಗೆ ಬೀಳುವುದಿಲ್ಲ ಎಂಬುದು ಅವನ ಅನುಭವ. ಹಾಗಿರುವಾಗ ಪಾಣೆಮಂಗಳೂರಿನ ರಿಫಾ, ಆಫೀಸಿಗೆ ಸೇರಿ ಇನ್ನೂ ಏಳು ತಿಂಗಳಾಗದವಳು, ಎಲ್ಲರ ಹುಟ್ಟುಹಬ್ಬಕ್ಕೂ ಮನೆಯಿಂದ ಕೇಕು ಮಾಡಿ ತರುತ್ತಾಳೆಂದರೆ ಅದನ್ನು ಬರೀ ಅಕ್ಕರೆ ಎಂದು ನಂಬುವುದು ಹೇಗೆ?

ಸಿಬ್ಬಂದಿಯ ರಿಜಿಸ್ಟರು ಇದ್ದದ್ದು ಅವಳ ಮೇಜಿನ ಮೇಲೆ. ಅದನ್ನು ನೋಡಿಯೇ ಅವಳು ದಿನ ಗೊತ್ತುಮಾಡುತ್ತಿದ್ದಳು, ಕ್ರೀಮಿನಲ್ಲಿ ಹೆಸರು ಬರೆದು ತರುತ್ತಿದ್ದಳು. ಜೂನ್ ಒಂದರ ಕೇಕಿನ ಮೇಲೆ ನಾಲ್ಕು ಹೆಸರಿದ್ದವು. ಆ ಕಾಲದಲ್ಲಿ ಮಗು ಹುಟ್ಟಿದ ದಿನ ಗೊತ್ತಿಲ್ಲವೆಂದರೆ ಹೆಡ್ಮಾಸ್ಟರರು ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರಲ್ಲ, ಹಾಗಾಗಿ ನಮ್ಮಲ್ಲಿ ಅರ್ಧ ಊರು ಹುಟ್ಟಿದ್ದು ಅಂದೇ. ನಾಲ್ವರೂ ಒಂದೇ ಚಾಕು ಹಿಡಿದು ಕತ್ತರಿಸಿದರು. ನಾಲ್ಕನೆಯವನು ಶಂಭು. ರಿಫಾ ಅವನನ್ನೇ ನೋಡಿ ನಕ್ಕದ್ದು ಅವನಿಗೆ ಹಿಡಿಸಲಿಲ್ಲ.

ಹಿಡಿಸದಿರಲು ಕಾರಣವಿತ್ತು. ಶಂಭು ಹುಟ್ಟಿದ್ದು ಎಪ್ಪತ್ತನಾಲ್ಕರ ನೆರೆಯಲ್ಲಿ, ಜುಲೈ ಕೊನೆಯ ಆಟಿ ತಿಂಗಳಲ್ಲಿ. ನೇತ್ರಾವತಿ ಪೇಟೆಯೊಳಗೆ ನುಗ್ಗಿದಾಗ ಜನ ಯಾರೋ ವ್ಯಾಪಾರಿಯ ಮಾಳಿಗೆ ಹತ್ತಿದ್ದರು, ಅಲ್ಲೇ ಅವನ ತಾಯಿಗೆ ಹೆರಿಗೆಯಾಯಿತು. ಶಾಲೆಗೆ ಸೇರಿಸುವಾಗ ತಡವಾಗಿದ್ದರಿಂದ ಹೆಡ್ಮಾಸ್ಟರರು ವಯಸ್ಸಿನಲ್ಲಿ ಎರಡು ವರ್ಷ ಇಳಿಸಿ, ಜೂನ್ ಒಂದು ಎಪ್ಪತ್ತಾರು ಎಂದು ಬರೆದರು. ಅದರಿಂದ ಇಷ್ಟು ವರ್ಷ ಯಾರಿಗೂ ನಷ್ಟವಾಗಿರಲಿಲ್ಲ. ಈಗ ಕಾರ್ಖಾನೆಗೆ ಹೊಸ ಮಾಲೀಕರು ಬಂದಿದ್ದರು, ಐವತ್ತು ತುಂಬಿದವರನ್ನೆಲ್ಲ ಆಗಸ್ಟಿನಲ್ಲಿ ಮನೆಗೆ ಕಳುಹಿಸುವುದೆಂದು ತೀರ್ಮಾನವಾಗಿತ್ತು. ರಿಜಿಸ್ಟರಿನ ಪ್ರಕಾರ ಶಂಭುವಿಗೆ ನಲವತ್ತೆಂಟು. ಮಗಳು ಪ್ರಾಪ್ತಿ ಉಜಿರೆಯ ಹಾಸ್ಟೆಲಿನಲ್ಲಿ ಡಿಗ್ರಿಯ ಮೊದಲ ವರ್ಷ ಓದುತ್ತಿದ್ದಳು. ಆ ಎರಡು ವರ್ಷದ ಸಂಬಳವೇ ಅವಳ ಓದು.

ಜುಲೈ ಕೊನೆಯ ಶುಕ್ರವಾರ ಬೆಳಿಗ್ಗೆ ಕೊಡೆ ಮಡಚಿ ಸ್ಟೋರಿನ ಬಾಗಿಲು ತೆರೆದ ಶಂಭು ಅಲ್ಲೇ ನಿಂತುಬಿಟ್ಟ. ಅವನ ಮೇಜಿನ ಮೇಲೆ ಒಂದು ಕೇಕು ಇತ್ತು. ಹೆಸರಿಲ್ಲ. ಬಿಳಿ ಕ್ರೀಮಿನಲ್ಲಿ ‘೫೦’ ಎಂದಷ್ಟೇ ಬರೆದಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡು ನೋಡಿದವನ ಹಾಗೆ ಅವನು ಮೊದಲು ಹಿಂದೆ ತಿರುಗಿ ನೋಡಿದ. ಆಮೇಲೆ ಕೇಕನ್ನು ಕಪಾಟಿನೊಳಗೆ ತಳ್ಳಿ ಬೀಗ ಹಾಕಿದ. ಒಂದೊಂದೇ ನೆನಪಾಗತೊಡಗಿತು. ನಿಮ್ಮ ತಾಯಿಯ ಮನೆ ಪೇಟೆಯಲ್ಲಿ ಎಲ್ಲಿ ಎಂದು ರಿಫಾ ಕೇಳಿದ್ದಳು. ತಾಯಿ ಈಗ ಇದ್ದಾರಾ ಎಂದು ಕೇಳಿದ್ದಳು. ಮನೆಗೆ ಕಳುಹಿಸುವವರ ಪಟ್ಟಿಯನ್ನು ಟೈಪ್ ಮಾಡುತ್ತಿದ್ದವಳೂ ಅವಳೇ. ಬೆದರಿಸುವುದಕ್ಕೆ ಕಾಗದ ಬರೆಯುವವರ ಬಗ್ಗೆ ಅವನು ಕೇಳಿದ್ದ, ಕೇಕು ಮಾಡುವವರನ್ನು ಈಗ ಕಂಡ. ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು.

ಅವಳು ಬಾಯಿ ಬಿಡುವ ಮೊದಲು ತಾನೇ ಅವಳ ಮೇಲೆ ದೂರು ಕೊಡುವುದು ಮೇಲು ಎಂದುಕೊಂಡು ಮ್ಯಾನೇಜರರ ಕೋಣೆಗೆ ಹೋದ. ಮ್ಯಾನೇಜರ್ ಅಶ್ವಿತ್ ಮೂಡುಬಿದಿರೆಯವರು, ಹೊಸ ಮಾಲೀಕರು ನೇಮಿಸಿದವರು. ರಿಫಾ ರಿಜಿಸ್ಟರಿನಿಂದ ಎಲ್ಲರ ಖಾಸಗಿ ವಿಷಯ ಕೆದಕುತ್ತಾಳೆ, ಯಾರದ್ದೋ ಕೇಕನ್ನು ಸ್ಟೋರಿನ ಮೇಜಿನ ಮೇಲೆ ಇಟ್ಟಿದ್ದಾಳೆ, ಇದು ಕಾರ್ಖಾನೆಗೆ ಒಳ್ಳೆಯದಲ್ಲ ಎಂದು ಶಂಭು ದೂರಿದ. ಅಶ್ವಿತ್ ಅವಳನ್ನು ಕರೆಸಿದರು. ಯಾರ ಕೇಕು ಎಂದು ಕೇಳಿದರು.

ರಿಫಾ ಒಮ್ಮೆ ಶಂಭುವಿನ ಕಡೆ ನೋಡಿದಳು.

"ನನ್ನ ಉಪ್ಪಂದು ಸಾರ್, ತಂದೆಯದ್ದು. ಇದ್ದಿದ್ದರೆ ಇವತ್ತಿಗೆ ಐವತ್ತು ಆಗ್ತಿತ್ತು. ಹೋದ ವರ್ಷ ಸೌದಿಯ ದಮ್ಮಾಮಿನಲ್ಲಿ ತೀರಿಹೋದರು."

ಅದು ಸ್ಟೋರಿನಲ್ಲಿ ಯಾಕೆ ಎಂಬ ಪ್ರಶ್ನೆಗೆ, ಅಲ್ಲಿ ತಂಪು ಉಂಟು, ಕ್ರೀಮು ಕರಗುವುದಿಲ್ಲ ಎಂದಳು. ಅಶ್ವಿತ್ ಅವರ ದನಿ ಮೆತ್ತಗಾಯಿತು. ಆದರೂ ದೂರು ಬಂದ ಮೇಲೆ ಸುಮ್ಮನಿರುವಂತಿಲ್ಲ, ಇನ್ನು ಆಫೀಸಿನಲ್ಲಿ ಕೇಕು ಬೇಡ, ಇವತ್ತಿಗೆ ಇದೊಂದು ಕೊನೆಯದ್ದಾಗಲಿ ಎಂದುಬಿಟ್ಟರು. ಅವಳು ಆಯಿತು ಎಂದು ಹೊರಗೆ ಬಂದಳು.

ಶಂಭುವಿಗೆ ಅಷ್ಟಕ್ಕೂ ಸಮಾಧಾನವಿಲ್ಲ. ಜಗಲಿಯಲ್ಲಿ ಅವಳನ್ನು ನಿಲ್ಲಿಸಿ, ಸತ್ತ ತಂದೆಯ ಕೇಕಿಗೆ ತನ್ನ ಮೇಜೇ ಏಕೆ ಬೇಕಾಯಿತು, ನಿಜ ಹೇಳು ಎಂದ.

"ಅಜ್ಜಿ ಹೇಳಿದ್ದು," ಎಂದಳು ರಿಫಾ. "ನೆರೆಯ ದಿನ ಮಾಳಿಗೆಯಲ್ಲಿ ಎರಡು ಮಕ್ಕಳು ಹುಟ್ಟಿದ್ದಂತೆ. ಒಂದು ನನ್ನ ಉಪ್ಪ. ಇನ್ನೊಂದರ ತಾಯಿಗೆ ಜ್ವರ ಬಂದು ಒಂಬತ್ತು ದಿನ ಅಜ್ಜಿಯೇ ಎರಡಕ್ಕೂ ಹಾಲು ಕೊಟ್ಟದ್ದಂತೆ. ಆ ಮಗು ಶಂಭು, ಅವನಿಗೂ ಒಂದು ತುಂಡು ಕೊಡು ಅಂತ ಹೇಳಿದರು. ಪಟ್ಟಿ ನಾನೇ ಟೈಪ್ ಮಾಡಿದ್ದು, ಅದರಲ್ಲಿ ನಿಮ್ಮ ಹೆಸರಿಲ್ಲ. ಕೇಕಿನ ಮೇಲೆ ಸಹ ಬರೆಯಲಿಲ್ಲ, ಬೇಕೂಂತಲೇ."

ಪ್ರತಿ ಮಳೆಗಾಲ ಶಂಭುವಿನ ತಾಯಿ, ಹಾಲು ಕೊಟ್ಟ ಆ ಬ್ಯಾರಿ ಹೆಂಗಸನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಳೆಯ ಸೇತುವೆ ದಾಟಿ ಪಾಣೆಮಂಗಳೂರಿಗೆ ಹೋಗಿ ಒಮ್ಮೆ ನೋಡಿಕೊಂಡು ಬಾ ಎನ್ನುತ್ತಿದ್ದಳು. ಐವತ್ತು ವರ್ಷದಲ್ಲಿ ಅವನಿಗೆ ಆ ಸೇತುವೆ ದಾಟಲು ಪುರುಸೊತ್ತಾಗಿರಲಿಲ್ಲ. ಈ ಹುಡುಗಿಯ ಮೇಲೆ ಚಾಡಿ ಹೇಳಲು ಮಾತ್ರ ಪುರುಸೊತ್ತಾಯಿತು. ಅವನಿಗೆ ನಾಚಿಕೆಯಾಯಿತು.

ಸಂಜೆ ಚಹಾದ ಹೊತ್ತಿಗೆ ಎಲ್ಲರೂ ಸೇರಿದಾಗ ಅವನು ಕಪಾಟಿನ ಬೀಗ ತೆಗೆದು ಕೇಕನ್ನು ನಡುಮೇಜಿಗೆ ತಂದಿಟ್ಟ. ಸುಮ್ಮನೆ ಕತ್ತರಿಸಿ ಹಂಚಿದ್ದರೆ ಸಾಕಿತ್ತು, ರಿಫಾ ಎಲ್ಲವನ್ನೂ ತನ್ನ ತಂದೆಯ ಹೆಸರಿನಲ್ಲಿ ಮುಚ್ಚಿಟ್ಟಿದ್ದಳು. ಅವನಿಗೆ ಪ್ರಾಪ್ತಿಯ ಹಾಸ್ಟೆಲು ಕಣ್ಣೆದುರು ಬಂತು. ಅವನ ಕೈ ಚಾಕುವಿನ ಮೇಲೆ ಒಂದು ಗಳಿಗೆ ನಿಂತಿತು. ತೀರಿಹೋದವರಿಗೆ ಕೇಕು ಕತ್ತರಿಸುವುದು ನೀವೇಕೆ, ಮಗಳೇ ಕತ್ತರಿಸಲಿ ಎಂದರು ಅಶ್ವಿತ್.

"ಇದು ಇಬ್ಬರದ್ದು ಸಾರ್," ಎಂದ ಶಂಭು. "ಎಪ್ಪತ್ತನಾಲ್ಕರ ನೆರೆಯಲ್ಲಿ ಒಂದೇ ಮಾಳಿಗೆಯಲ್ಲಿ ಹುಟ್ಟಿದವರು ನಾವು."

ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಅಶ್ವಿತ್ ಕೇಕಿನ ಮೇಲಿನ ಐವತ್ತನ್ನು ನೋಡಿದರು, ಶಂಭುವನ್ನು ನೋಡಿದರು. ಶಂಭು ಮೊದಲ ತುಂಡನ್ನು ರಿಫಾಳ ಕೈಗೆ ಕೊಟ್ಟ. ಎರಡನೆಯದನ್ನು ಕಾಗದದಲ್ಲಿ ಸುತ್ತಿ, ಅಜ್ಜಿ ಎಷ್ಟು ಗಂಟೆಗೆ ಮಲಗುತ್ತಾರೆ, ಇವತ್ತೇ ಬರಬಹುದಾ ಎಂದು ಕೇಳಿದ.