ಜೇಬಿನಲ್ಲಿ ಕೂತು ಕೇಳಿದ ಚಿತ್ರ

"ಎಲ್ಲಿ ಹೋಯ್ತಪ್ಪಾ ಇದು?"

ಯಾರನ್ನೂ ಉದ್ದೇಶಿಸದ ಈ ಪ್ರಶ್ನೆಯನ್ನು ತಿರುನಾರಾಯಣಯ್ಯನವರು ಗಾಳಿಗೆ ಕೇಳದ ದಿನವಿಲ್ಲ. ಕೇಳುತ್ತಲೇ ಚಾಪೆ ಎತ್ತುತ್ತಾರೆ, ಕುರ್ಚಿಯ ಕೆಳಗೆ ಬಗ್ಗುತ್ತಾರೆ, ಕೊನೆಗೆ ತಮ್ಮ ಅಂಗಿಯ ಎಡಜೇಬನ್ನು ತಟ್ಟಿಕೊಳ್ಳುತ್ತಾರೆ. ನಾನು ಅಲ್ಲೇ ಇರುತ್ತೇನೆ. ಅವರು ಹುಡುಕುವ 'ಇದು' ನಾನೇ. ನಾನು ಒಂದು ಮುಚ್ಚಳ. ಕ್ಯಾಮೆರಾದ ಕಣ್ಣಿಗೆ ಹಾಕುವ ಕರಿಯ ಮುಚ್ಚಳ.

ಇಷ್ಟು ಸಣ್ಣ ವಸ್ತುವಿಗೆ ಏನು ಕಥೆ ಎಂದು ನಿಮಗೆ ಅನ್ನಿಸಬಹುದು. ಆದರೆ ನನ್ನ ಹೊಟ್ಟೆಯೊಳಗಿನ ಕಿಚ್ಚು ನನ್ನ ಗಾತ್ರಕ್ಕಿಂತ ದೊಡ್ಡದು. ಅದಕ್ಕೇ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ತಗಡಿನಿಂದ ನನ್ನನ್ನು ಗುಂಡಗೆ ಒತ್ತಿ ತೆಗೆದರು. ಅಂಚು ಮಡಿಸಿದರು, ಕಪ್ಪು ಬಣ್ಣ ಬಳಿದರು, ಒಳಗಡೆ ಸುತ್ತಲೂ ಮಖಮಲ್ಲಿನ ಪಟ್ಟಿ ಅಂಟಿಸಿದರು. ಮಖಮಲ್ಲು ಬಂದಾಗ ನನಗೆ ಜಂಬವೂ ಬಂತು. ಯಾವುದೋ ಅರಮನೆಯ ಕೆಲಸವೇ ಇರಬೇಕು ಅಂದುಕೊಂಡೆ. ಆಮೇಲೆ ನನ್ನನ್ನು ಒಯ್ದು ಒಂದು ಮಸೂರದ ಮೇಲೆ ಕೂರಿಸಿದರು. ನೇರಳೆ ಹೊಳಪಿನ ಚೆಲುವ ಅವನು. ಲೋಕವನ್ನೆಲ್ಲ ನೋಡುವುದು ಅವನ ಕೆಲಸ. ಅವನು ನೋಡದೆ ಇರುವಾಗ ಅವನ ಮುಖದ ಮೇಲೆ ಧೂಳು ಕೂರದಂತೆ ಕಾಯುವುದು ನನ್ನದು. ನೋಡುವಂಥದ್ದು ಏನಾದರೂ ಎದುರಾಯಿತೋ, ಮೊದಲು ನನ್ನನ್ನೇ ಕಿತ್ತು ಆಚೆಗಿಡುತ್ತಾರೆ. ಪಂಕ್ತಿಯಲ್ಲಿ ಎಲೆ ಹಾಕಿ, ಅನ್ನ ಬಡಿಸುವ ಹೊತ್ತಿಗೆ ಎಬ್ಬಿಸಿ ಕಳಿಸಿದ ಹಾಗೆ. ಹುಟ್ಟಿದ ವಾರದಲ್ಲೇ ನನ್ನೊಳಗೆ ಉರಿ ಹತ್ತಿತು.

ನಮ್ಮ ಮೊದಲ ಯಜಮಾನ ಅರಸೀಕೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಪುಟ್ಟಸ್ವಾಮಾಚಾರಿ. ಆತ ಮದುವೆಮನೆಗಳಿಗೆ ಹೋಗುವಾಗ ನನ್ನನ್ನು ಮೇಜಿನ ಡ್ರಾಯರಿಗೆ ಎಸೆದು ಹೋಗುತ್ತಿದ್ದ. ಗಿರಾಕಿಗಳಿಗೆಂದು ಇಟ್ಟಿದ್ದ ಬಾಚಣಿಗೆ, ಪೌಡರ್ ಡಬ್ಬಿಗಳ ನಡುವೆ ನಾನು ಬಿದ್ದಿರುತ್ತಿದ್ದೆ. ಸಂಜೆ ಮಸೂರ ಮಲ್ಲಿಗೆಯ ವಾಸನೆ ಹೊತ್ತು ಬರುತ್ತಿದ್ದ. ಏನೇನು ನೋಡಿದನೋ, ಒಂದು ದಿನವೂ ಬಾಯಿ ಬಿಡಲಿಲ್ಲ. ಕೊನೆಗೊಮ್ಮೆ ಆಚಾರಿ ಹೊಸ ಕ್ಯಾಮೆರಾ ಕೊಂಡು, ನಮ್ಮನ್ನು ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತರೊಬ್ಬರಿಗೆ ಮಾರಿದ.

ಅವರೇ ತಿರುನಾರಾಯಣಯ್ಯ. ಮೃದು ಮಾತಿನ, ನಾಮ ಇಟ್ಟ ಮನುಷ್ಯ. ಕ್ಯಾಮೆರಾ ತೆರೆಯುವ ಮೊದಲು ಒಮ್ಮೆ ಕಣ್ಣುಮುಚ್ಚಿ ದೇವರನ್ನು ನೆನೆದರು. ಆಮೇಲೆ ನನ್ನನ್ನು ತೆಗೆದು ಎಡಜೇಬಿಗೆ ಹಾಕಿಕೊಂಡರು. ಡ್ರಾಯರಿನಲ್ಲಿ ಇಲ್ಲದ ಒಂದು ಸಂಗತಿ ಅಲ್ಲಿತ್ತು. ಜೇಬಿನ ಬಟ್ಟೆಯ ಆಚೆ ಅವರ ಎದೆ ಬಡಿದುಕೊಳ್ಳುತ್ತಿತ್ತು.

ಅಂದಿನಿಂದ ನಾನು ಲೋಕವನ್ನು ಕೇಳಿ ಕೇಳಿಯೇ ತಿಳಿದವನು. ಯುದ್ಧದ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಿದ ಕುರುಡು ದೊರೆಯಂತೆ. ತಿರುನಾರಾಯಣಯ್ಯನವರ ತಂದೆ ಗಮಕಿಗಳಾಗಿದ್ದರಂತೆ. ಇವರಿಗೆ ಕಂಠ ಬರಲಿಲ್ಲ, ಕಿವಿ ಬಂತು. ಎಲ್ಲಿ ಕಾವ್ಯವಾಚನವಿದ್ದರೂ ಹೋಗಿ ಕಂಬಕ್ಕೆ ಒರಗಿ ಕೂರುತ್ತಿದ್ದರು. ಫೋಟೋ ತೆಗೆಯುವಾಗಲೂ ಗಡಿಯಾರ ನೋಡುತ್ತಿರಲಿಲ್ಲ. ಬೆಳಕು ಕಡಿಮೆಯಿದ್ದು ಮಸೂರ ಹೆಚ್ಚು ಹೊತ್ತು ತೆರೆದಿರಬೇಕಾದರೆ, ಮೋಹನ ರಾಗದಲ್ಲಿ ಪದ್ಯದ ಒಂದು ಸಾಲನ್ನು ಗುನುಗುತ್ತಿದ್ದರು. ಸಾಲು ಮುಗಿದರೆ ಬೆಳಕು ಸಾಕು.

ಊರಿನಲ್ಲಿ ಹವ್ಯಾಸಿಗಳ ಒಂದು ಛಾಯಾಚಿತ್ರ ಬಳಗವಿತ್ತು. ಪ್ರತಿ ಜನವರಿಯಲ್ಲಿ ಸಮುದಾಯ ಭವನದಲ್ಲಿ ಸ್ಪರ್ಧೆ. ಇವರು ತಪ್ಪದೆ ಚಿತ್ರ ಕಳಿಸುವವರು, ತಪ್ಪದೆ ಬರಿಗೈಯಲ್ಲಿ ಬರುವವರು. ಮನೆಯಲ್ಲಿ ಅವರ ಹೆಂಡತಿ ಕನಕವಲ್ಲಿ ಬಾಗಿಲಲ್ಲೇ ಕಾದಿರುತ್ತಿದ್ದರು.

"ಏನ್ರೀ, ಈ ಸಲಾನೂ ಉಪ್ಪಿಟ್ಟು ತಿಂದು ಬಂದ್ರಾ?"

"ಕೇಸರಿಭಾತೂ ಇತ್ತು ಕಣೆ."

"ಹಾಗಾದ್ರೆ ಗೆದ್ದ ಹಾಗೇ ಬಿಡಿ!"

ಇಬ್ಬರೂ ನಗುತ್ತಿದ್ದರು. ಜೇಬಿನಲ್ಲಿ ನಾನು ಕುದಿಯುತ್ತಿದ್ದೆ. ಏಕೆಂದರೆ ಬಹುಮಾನದ ಕಪ್ಪು ಹೋಗುತ್ತಿದ್ದುದು ಯಾವಾಗಲೂ ಸೈಕಲ್ ಅಂಗಡಿಯ ರುದ್ರಪ್ರಸಾದನ ಮನೆಗೆ. ಅವನ ಕ್ಯಾಮೆರಾ ದೊಡ್ಡದು, ಅದರ ಮಸೂರ ಮೊಳದುದ್ದ. ಒಮ್ಮೆ ಭವನದ ಮೇಜಿನ ಮೇಲೆ ಅದರ ಮುಚ್ಚಳ ನನ್ನ ಪಕ್ಕದಲ್ಲೇ ಕೂತಿತ್ತು. ಎರಡು ಬದಿಗೂ ಗುಂಡಿ, ಬಿದ್ದುಹೋಗದಂತೆ ರೇಷ್ಮೆ ದಾರ. ನನಗೆ ಕನಕವಲ್ಲಮ್ಮ ಕಟ್ಟಿದ್ದ ಹೂವಿನ ದಾರವಿತ್ತು, ಅದೂ ಕಿತ್ತುಹೋಗಿತ್ತು. "ನಮ್ಮ ಶೋಕೇಸಿನಲ್ಲಿ ಇನ್ನು ಜಾಗವೇ ಇಲ್ಲ ಮಾರಾಯ" ಎಂದು ಅದು ನಿಟ್ಟುಸಿರಿಟ್ಟಿತು. ಆ ರಾತ್ರಿ ನನಗೆ ಮಖಮಲ್ಲು ಚುಚ್ಚಿತು.

ನನಗೂ ಒಂದು ಸಂಜೆ ಬಂತು.

ಊರಾಚೆಯ ಹಳೆಯ ಗುಡಿಯಲ್ಲಿ ಗಮಕಿ ಶಾಮಾಶಾಸ್ತ್ರಿಗಳ ಕಾವ್ಯವಾಚನ. ಕಥೆ ಬಿಗಿಯಾಗುತ್ತಿದ್ದಾಗ ಕರೆಂಟು ಹೋಯಿತು. ಯಾರೂ ಏಳಲಿಲ್ಲ. ನಾಲ್ಕಾರು ಎಣ್ಣೆದೀಪ ತಂದಿಟ್ಟರು, ಶಾಸ್ತ್ರಿಗಳು ಬಿಟ್ಟ ಪದದಿಂದಲೇ ಎತ್ತಿಕೊಂಡರು. ತಿರುನಾರಾಯಣಯ್ಯನವರು ಕಂಬದ ಪಕ್ಕ ಮೂರುಕಾಲಿನ ಸ್ಟ್ಯಾಂಡ್ ನಿಲ್ಲಿಸಿದರು. ಅಷ್ಟು ಮಂದ ಬೆಳಕಿನಲ್ಲಿ ಗುಂಡಿ ಒತ್ತಿದರೆ ಕ್ಯಾಮೆರಾ ಅಲುಗುತ್ತದೆ. ಅವರು ಕ್ಷಣ ಯೋಚಿಸಿ, ಮಸೂರದ ಮೇಲೆ ನನ್ನನ್ನು ಕೂರಿಸಿದರು. ಕ್ಯಾಮೆರಾದ ಒಳಬಾಗಿಲಾದ ಶಟರನ್ನು ತೆರೆದೇ ನಿಲ್ಲಿಸಿದರು. ಈಗ ಬೆಳಕಿಗೂ ಫಿಲ್ಮಿಗೂ ನಡುವೆ ನಾನೊಬ್ಬನೇ ಬಾಗಿಲು! ಆ ಚೆಲುವ ಮಸೂರ ನನ್ನ ಹಿಂದೆ ಉಸಿರು ಹಿಡಿದು ಕಾಯುತ್ತಿದ್ದ. ಶಾಸ್ತ್ರಿಗಳು ಹೊಸ ಸಾಲು ಎತ್ತಿದ ಕೂಡಲೇ ನನ್ನನ್ನು ಮೆಲ್ಲಗೆ ತೆಗೆದರು. ಅವರ ಎರಡು ಬೆರಳ ನಡುವೆ ಗಾಳಿಯಲ್ಲಿ ನಿಂತು ನಾನು ಆ ಸಾಲನ್ನು ಪೂರ್ತಿ ಕೇಳಿದೆ. ಸಾಲು ಮುಗಿಯಿತು, ನಾನು ಮರಳಿ ಕೂತೆ. ಚಿತ್ರ ಆಯಿತು.

ಅದು ನನ್ನ ಚಿತ್ರ. ಬೇರೆ ಯಾರದೂ ಅಲ್ಲ. ಈ ಸಲ ಕಪ್ಪು ನಮ್ಮದೇ ಎಂದು ನಾನು ಜನವರಿಯವರೆಗೆ ದಿನ ದೂಡಿದೆ.

ಆದರೆ ನಾನು ಚಿತ್ರವನ್ನು ಇಂದಿಗೂ ಕಂಡಿಲ್ಲ. ಫಲಿತಾಂಶದ ದಿನ ಭವನದಲ್ಲಿ ಜೇಬಿನೊಳಗೆ ಕೂತು ಕೇಳಿದ್ದಷ್ಟೇ. ಗುಡಿಯ ಮುಂದೆ ಹೂವು ಮಾರುವ ಸಿಂಗಾರಮ್ಮನನ್ನೂ ಆ ಸಂಜೆ ವಾಚನ ಕೇಳಲು ಕೂತಿದ್ದ ಇನ್ನೂ ಕೆಲವರನ್ನೂ ತಿರುನಾರಾಯಣಯ್ಯನವರು ಕರೆತಂದಿದ್ದರು.

"ಅಯ್ಯೋ ಸ್ವಾಮೇರಾ, ನಾನೇನಾ ಇದು? ಕಲ್ಲಲ್ಲಿ ಕೆತ್ತಿದಂಗೆ ಕೂತಿವ್ನಲ್ಲ!" ಎಂದಳು ಸಿಂಗಾರಮ್ಮ. "ಅಗೋ, ಪೋಸ್ಟ್ ಮೇಷ್ಟ್ರು ಕಣ್ಮುಚ್ಚವ್ರೆ. ಭಕ್ತಿಯೋ ನಿದ್ದೆಯೋ?"

"ಎರಡೂ ಅಂತಿಟ್ಕೊ" ಎಂದರು ಪೋಸ್ಟ್ ಮೇಷ್ಟ್ರು, ಹಿಂದಿನಿಂದ.

"ಶಾಸ್ತ್ರಿಗಳು ಎಲ್ಲಿ? ಓ, ಇಲ್ಲೇ ಅವ್ರೆ. ದೀಪದ ಹೊಗೆ ಹಂಗೆ ಕಾಣ್ತಾವ್ರೆ. ಹಾಡ್ದೋರು ಕರಗೋದ್ರು, ಕೇಳ್ದೋರು ಉಳ್ಕೊಂಡ್ವು ನೋಡಿ!"

ಆಗ ನನಗೆ ಚಿತ್ರ ತಿಳಿಯಿತು. ಸಾಲು ಮುಗಿಯುವಷ್ಟು ಹೊತ್ತು ಕೈಯಾಡಿಸುತ್ತ ತೂಗಿದ ಗಮಕಿ ಮಂಜಾಗಿದ್ದರು. ಮೈಮರೆತು ಕೂತಿದ್ದವರ ಮುಖಗಳು ಮಾತ್ರ ಒಂದೊಂದೂ ಸ್ಪಷ್ಟವಾಗಿ ಮೂಡಿದ್ದವು.

ತೀರ್ಪುಗಾರರು ಹಾಸನದಿಂದ ಬಂದವರು. ಅವರ ಬೂಟುಗಳ ಸದ್ದು ನಮ್ಮ ಮುಂದೆ ಬಂದು ನಿಂತಿತು.

"ಐಡಿಯಾ ಚೆನ್ನಾಗಿದೆ ಸ್ವಾಮಿ. ಆದ್ರೆ ಮುಖ್ಯವಾದ ವ್ಯಕ್ತೀನೇ ಅಲ್ಲಾಡಿಬಿಟ್ಟಿದ್ದಾರಲ್ಲ."

"ನಮ್ಮ ಶಾಸ್ತ್ರಿಗಳು ಹಾಗೇ ಸಾರ್. ಕೈ ಕಟ್ಟಿಹಾಕಿದ್ರೆ ಅವರ ಬಾಯೂ ಕಟ್ಟಿಹೋಗುತ್ತೆ" ಎಂದು ತಿರುನಾರಾಯಣಯ್ಯನವರು ನಕ್ಕರು.

ಕಪ್ಪು ರುದ್ರಪ್ರಸಾದನ ಮಿಂಚುಳ್ಳಿ ಚಿತ್ರಕ್ಕೆ ಹೋಯಿತು. ಮೀನು ಕಚ್ಚಿಕೊಂಡು ನೀರಿನಿಂದ ಮೇಲೇಳುವ ಮಿಂಚುಳ್ಳಿ. ಚಪ್ಪಾಳೆ ನನ್ನ ಮೇಲೆ ಕಲ್ಲಿನಂತೆ ಬಿತ್ತು. ನನ್ನ ಯಜಮಾನರಿಗೂ ಒಳಗೊಳಗೆ ಉರಿದಿರಲೇಬೇಕು ಎಂದು ಅವರ ಎದೆಗೆ ಆತು ಆಲಿಸಿದೆ. ಅವರಾಗಲೇ ರುದ್ರಪ್ರಸಾದನ ಕೈ ಹಿಡಿದು ಕೇಳುತ್ತಿದ್ದರು: "ಎಲ್ಲಿ ಕೂತಿದ್ಯಪ್ಪಾ? ಕೆರೆಯ ಯಾವ ಕಡೆ? ಅದು ಮುಳುಗೋವಾಗ ಸದ್ದು ಬರುತ್ತಾ?" ಎದೆ ಎಂದಿನಂತೆಯೇ ಬಡಿಯುತ್ತಿತ್ತು. ತಾಳ ಎಳ್ಳಷ್ಟೂ ತಪ್ಪಿರಲಿಲ್ಲ. ಆಮೇಲೆ ಸಿಂಗಾರಮ್ಮನ ಪಕ್ಕ ಬೆಂಚಿನಲ್ಲಿ ಕೂತು ಉಪ್ಪಿಟ್ಟು ತಿಂದರು. ಗೋಡೆಯ ಮೇಲಿನ ಒಂದು ಚಿತ್ರವನ್ನೂ ಬಿಡದೆ ಎರಡು ಸುತ್ತು ನೋಡಿದರು.

ಅಂದು ನನ್ನ ಹೊಟ್ಟೆಕಿಚ್ಚು ದಿಕ್ಕು ಬದಲಿಸಿತು. ಮಸೂರದ ಮೇಲಿದ್ದದ್ದು, ರೇಷ್ಮೆ ದಾರದ ಮುಚ್ಚಳದ ಮೇಲಿದ್ದದ್ದು, ಎಲ್ಲ ಸೇರಿ ಇವರ ಮೇಲೆ ತಿರುಗಿತು. ಒಂದೇ ಜೇಬಿನ ಬಟ್ಟೆಯ ಆಚೆ ಈಚೆ ಇದ್ದೇವೆ. ನಾನು ಇಲ್ಲಿ ಸುಡುತ್ತಿದ್ದೇನೆ, ಅಲ್ಲಿ ಮಾತ್ರ ಹೇಗೆ ಇಷ್ಟು ತಣ್ಣಗಿದೆ?

ವರ್ಷಗಳು ಹೋದವು. ಮಸೂರನಿಗೆ ಬೂಷ್ಟು ಹಿಡಿದು ಕಣ್ಣು ಮಂಜಾಯಿತು. ಸುಳ್ಳೇಕೆ ಹೇಳಲಿ, ನನಗೆ ಸ್ವಲ್ಪ ಖುಷಿಯೇ ಆಯಿತು. ಕ್ಯಾಮೆರಾ ಅಟ್ಟ ಸೇರಿತು. ತಿರುನಾರಾಯಣಯ್ಯನವರು ಈಗ ಮೊಬೈಲಿನಲ್ಲಿ ಫೋಟೋ ತೆಗೆದು ಸ್ಪರ್ಧೆಗೆ ಕಳಿಸುತ್ತಾರೆ. ಅದಕ್ಕೆ ಮುಚ್ಚಳವೇ ಬೇಡವಂತೆ! ನನ್ನ ಬಣ್ಣ ಸುಲಿದು ತಗಡು ಇಣುಕುತ್ತಿದೆ. ಮಖಮಲ್ಲಿನಲ್ಲಿ ಅರ್ಧ ಮಾತ್ರ ಉಳಿದಿದೆ. ಕನಕವಲ್ಲಮ್ಮ ಒಮ್ಮೆ, "ಆ ದರಿದ್ರ ಮುಚ್ಚಳ ಇನ್ನೂ ಯಾಕ್ರೀ ಜೇಬಲ್ಲಿ?" ಎಂದರು. "ಇಲ್ದಿದ್ರೆ ಒಂದು ಕಡೆ ಹಗುರ ಆಗುತ್ತೆ ಕಣೆ" ಎಂದರು ಇವರು. ಹೀಗೆ ನನ್ನ ಮುಪ್ಪು ಜೇಬಿನಲ್ಲೇ ಕಳೆಯುತ್ತಿದೆ.

ಮೊನ್ನೆ ರುದ್ರಪ್ರಸಾದ ಮನೆಗೆ ಬಂದಿದ್ದ. ಅವನೀಗ ಬಳಗದ ಅಧ್ಯಕ್ಷ, ವಯಸ್ಸಾಗಿ ದನಿಯೂ ಒಡೆದಿದೆ.

"ತಿರುನಾರಾಯಣಯ್ಯನೋರೇ, ಈ ವರ್ಷದಿಂದ ನೀವೇ ತೀರ್ಪುಗಾರರು. ಎಲ್ಲರೂ ಒಪ್ಪಿದಾರೆ. ಇಲ್ಲ ಅನ್ನಂಗಿಲ್ಲ. ವೇದಿಕೆ ಮೇಲೆ ನಿಮ್ಮ ಗುಡಿ ಫೋಟೋನ ಗೋಡೆಯಷ್ಟು ದೊಡ್ಡದು ಮಾಡಿ ಹಾಕ್ತೀವಿ. ಶಾಲು, ಹಾರ, ಎಲ್ಲ."

ಜೇಬಿನಲ್ಲಿ ನಾನು ನೆಟ್ಟಗಾದೆ. ನನ್ನ ಚಿತ್ರ! ಗೋಡೆಯಷ್ಟು! ಅದರ ಕೆಳಗೆ ಕಪ್ಪುಗಳೆಲ್ಲ ಕುಳ್ಳಗೆ ಕಾಣುತ್ತವೆ. ಹೂಂ ಅನ್ನಿ, ಹೂಂ ಅನ್ನಿ.

"ನಿಜ ಹೇಳ್ತೀನಿ" ಎಂದು ರುದ್ರಪ್ರಸಾದ ದನಿ ತಗ್ಗಿಸಿದ. "ಕಪ್ಪು ತಗೊಂಡು ನಾನು ಮನೆಗೆ ಹೋಗ್ತಿದ್ದೆ. ನೀವು ಅಲ್ಲೇ ಬೆಂಚಲ್ಲಿ ನಗ್ತಾ ಕೂತಿರ್ತಿದ್ರಿ. ಅದನ್ನ ನೋಡಿ ನೋಡಿ ಹೊಟ್ಟೆ ಉರ್ಕೊಂಡಿದೀನಿ ಸ್ವಾಮಿ."

ನಾನು ಬೆರಗಾದೆ. ಇಷ್ಟು ಕಾಲ ಯಾರನ್ನು ವೈರಿ ಅಂದುಕೊಂಡಿದ್ದೆನೋ ಅವನು ನನ್ನ ಜಾತಿಯವನೇ! ನಾವಿಬ್ಬರೂ ಒಂದೇ ಎದೆಯ ಹೊರಗೆ ನಿಂತು ಉರಿದವರು.

ತಿರುನಾರಾಯಣಯ್ಯನವರು ನಕ್ಕು, ಅವನ ಮುಂದೆ ಕಾಫಿ ಲೋಟ ಸರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ತೀರ್ಪು ಹೇಳೋರು ತಾವೂ ಒಂದು ಫೋಟೋ ಕಳಿಸಬಹುದೇನಪ್ಪ?"

"ಛೆ ಛೆ, ಅದ್ಹೆಂಗಾಗುತ್ತೆ? ತೀರ್ಪುಗಾರರು ಸ್ಪರ್ಧೆಯಿಂದ ಹೊರಗೆ."

ಆಗ, ನನ್ನ ಬಾಳಿನಲ್ಲಿ ಮೊದಲ ಬಾರಿಗೆ, ಆ ಎದೆಯ ತಾಳ ತಪ್ಪಿತು. ಮಿಂಚುಳ್ಳಿ ಗೆದ್ದ ದಿನ ತಪ್ಪದಿದ್ದ ತಾಳ. ಕಿತ್ತು ಆಚೆಗಿಟ್ಟಾಗ ನನಗೆ ಪ್ರತಿ ಸಲ ಏನಾಗುತ್ತಿತ್ತೋ ಅದೇ ಅಲ್ಲಿ ಆಗುತ್ತಿತ್ತು. ಅವರ ಕೈ ಮೇಲೆ ಬಂದು ಜೇಬಿನ ಮೇಲೆ ಕೂತಿತು.

"ಆಗಲ್ಲ ಕಣಪ್ಪ ರುದ್ರ" ಎಂದರು. "ಬೇರೆ ಯಾರನ್ನಾದ್ರೂ ಕೂರಿಸ್ಕೊ."