ಅರಿಶಿನ ಹಚ್ಚಿದ ಕಾಗದ

ಸಣ್ಣಂದಿನ ಅಂಗಡಿಯ ಮಾತು ತೆಗೆದರೆ ಸಾಕು, ನನ್ನ ಓರಗೆಯವರೆಲ್ಲ ಪೆಪ್ಪರ್‌ಮಿಂಟಿನ ನೆನಪಿಗೆ ಇಳಿಯುತ್ತಾರೆ. ಅಂಗಡಿಯವನು ಕೊಸರಿಗೆ ಕೊಡುತ್ತಿದ್ದ ಬೆಲ್ಲದ ಚೂರು, ಮುಷ್ಟಿ ಶೇಂಗಾ, ಅಯ್ಯೋ ಎಂಥ ದಿನಗಳು! ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನೂ ಸಾವಿರ ಸಲ ಅಂಗಡಿಗೆ ಓಡಿದವಳೇ. ನೆನಪಿನಲ್ಲಿ ಉಳಿದದ್ದು ಒಂದೇ ಸಲ. ಮರೆಯಲು ನಲವತ್ತೈದು ವರ್ಷ ಸಾಲಲಿಲ್ಲ.

ಎಪ್ಪತ್ತೆಂಟನೆಯ ಇಸವಿ. ಡೊಂಬಿವಲಿಯ ಚಾಳಿನಲ್ಲಿ ನಮ್ಮದೊಂದು ಒಂಟಿ ಕೋಣೆಯ ಖೋಲಿ. ಅಪ್ಪ ಮುರುಗೆಪ್ಪ ತುರ್ಭೆಯ ಕಾರ್ಖಾನೆಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಅವ್ವ ನೀಲಗಂಗಾಗೆ ಓದು ಬಾರದು. ನನಗೆ ಎಂಟು ವರ್ಷ, ಮರಾಠಿ ಶಾಲೆ. ಕನ್ನಡ ಮಾತಾಡುತ್ತಿದ್ದೆ, ಓದಲು ಬರುತ್ತಿರಲಿಲ್ಲ. ನಮ್ಮ ಪೋಸ್ಟ್‌ಮನ್‌ಗೂ ಬರುತ್ತಿರಲಿಲ್ಲ. ಕನ್ನಡದಲ್ಲಿ ವಿಳಾಸ ಬರೆದ ಕಾಗದಗಳನ್ನೆಲ್ಲ ಅವನು ಮೂಲೆಯ ಕಿಟ್ಟಣ್ಣನವರ ಕಿರಾಣಿ ಅಂಗಡಿಯಲ್ಲಿ ಹಾಕಿ ಹೋಗುತ್ತಿದ್ದ. ಕಿಟ್ಟಣ್ಣ ಉಡುಪಿ ಕಡೆಯವರು. ಯಾರದು ಎಂದು ಓದಿ ಅವರವರಿಗೆ ಮುಟ್ಟಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಅವ್ವ ಕಾಯುತ್ತಿದ್ದುದು ಒಂದೇ ಕಾಗದಕ್ಕೆ. ಗದಗಿನಲ್ಲಿದ್ದ ಅವಳ ಒಬ್ಬನೇ ತಮ್ಮ ಸೋಮಣ್ಣನಿಗೆ ಹೆಣ್ಣು ಗೊತ್ತಾಗಿತ್ತು. ಲಗ್ನದ ತಾರೀಖು ಬರೆದು ತಿಳಿಸುವುದಷ್ಟೇ ಬಾಕಿ. ಅವ್ವ ಟ್ರಂಕು ತುಂಬಿಟ್ಟು ಹದಿನೈದು ದಿನವಾಗಿತ್ತು.

“ಕಲ್ಲವ್ವಾ, ಓಡಿ ಹೋಗಿ ಅರಿಷಿಣಪುಡಿ ತಗೊಂಡ್ ಬಾ. ಕಾಗದ ಬಂದದೇನ್ ಕೇಳು. ಮರೀಬ್ಯಾಡ ಮತ್ತ” ಎಂದಳು.

ಕಿಟ್ಟಣ್ಣ ಪುಡಿಯ ಪೊಟ್ಟಣ ಕಟ್ಟಿಕೊಟ್ಟರು. ಕಾಗದ ಬಂದಿದೆಯೇ ಎಂದು ಕೇಳಿದೆ. ಗಲ್ಲಾಪೆಟ್ಟಿಗೆಯ ಪಕ್ಕದಿಂದ ಒಂದು ಕಾರ್ಡು ತೆಗೆದರು.

“ಇದನ್ನು ಅಪ್ಪನ ಕೈಯಲ್ಲೇ ಕೊಡ್ಬೇಕು ಮಗಾ. ಅಮ್ಮನಿಗೆ ತೋರಿಸ್ಲಿಕ್ಕಿಲ್ಲ. ಆಯ್ತಾ?”

ಅವರೇ ಸಂಜೆ ಬಂದು ಅಪ್ಪನಿಗೆ ಕೊಡಬಹುದಿತ್ತು. ಬರಲಿಲ್ಲ. ಎಂಟು ವರ್ಷದ ಹುಡುಗಿಗೆ ಕೊಟ್ಟು ಕೈತೊಳೆದುಕೊಂಡರು. ಆ ಸಿಟ್ಟು ನನಗಿನ್ನೂ ಹೋಗಿಲ್ಲ.

ಕಾರ್ಡಿನ ನಾಲ್ಕೂ ಮೂಲೆಗೆ ಕಪ್ಪು ಮಸಿ ಇತ್ತು. ಶುಭಸುದ್ದಿಯ ಕಾಗದಕ್ಕೆ ಅರಿಶಿನ ಹಚ್ಚುತ್ತಾರೆ, ಸಾವಿನ ಸುದ್ದಿಗೆ ಮಸಿ. ಅರಿಶಿನದ್ದು ನನಗೆ ಗೊತ್ತಿತ್ತು, ಲಗ್ನಪತ್ರಿಕೆಗಳಲ್ಲಿ ನೋಡಿದ್ದೆ. ಮಸಿಯದ್ದನ್ನು ಯಾರೂ ಹೇಳಿರಲಿಲ್ಲ. ಮಕ್ಕಳ ಎದುರು ಅಂಥ ಮಾತು ಯಾರು ಆಡುತ್ತಾರೆ? ಕಿಟ್ಟಣ್ಣ ಮಸಿ ಚೆಲ್ಲಿಕೊಂಡಿದ್ದಾರೆ, ಅದಕ್ಕೇ ಅಮ್ಮನಿಗೆ ತೋರಿಸಬೇಡ ಎನ್ನುತ್ತಿದ್ದಾರೆ ಎಂದುಕೊಂಡೆ. ಯಾರೋ ಮಾಡಿದ್ದಕ್ಕೆ ಬೈಸಿಕೊಳ್ಳುವುದು ನಾನು! ಅವ್ವ ಇಷ್ಟು ದಿನ ಕಾದ ಕಾಗದ ಹೊಲಸಾಯಿತಲ್ಲ ಎಂದು ಅಳುವೂ ಬಂತು.

ಚಾಳಿನ ಮೆಟ್ಟಿಲ ಕೆಳಗೆ ಕುಳಿತು ಮಸಿಯ ಮೂಲೆಗಳನ್ನು ಉಗುರಿನಿಂದ ಗೀರಿ ಹರಿದು ಹಾಕಿದೆ. ಹರಿದ ಅಂಚು ಚೆನ್ನಾಗಿ ಕಾಣಲಿಲ್ಲ. ಪೊಟ್ಟಣ ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿಕೊಂಡು, ನಾಲ್ಕೂ ಕಡೆ ಅರಿಶಿನ ಬಳಿದೆ. ಲಗ್ನದ ಕಾಗದ ಹೇಗಿರಬೇಕೋ ಹಾಗಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವ್ವ ಬಾಗಿಲಲ್ಲೇ ಇದ್ದಳು. ಹಳದಿ ಕಂಡದ್ದೇ ತಡ, ಕಸಿದುಕೊಂಡಳು.

“ಅಯ್ಯ ನನ್ನವ್ವಾ, ಅರಿಷಿಣ ಹಚ್ಚ್ಯಾರ! ತಾರೀಖ ಗೊತ್ತಾತು!”

ಕಾರ್ಡನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳು. ಸಕ್ಕರೆ ಡಬ್ಬಿ ಇಳಿಸಿದಳು. ನಾನು ಬಟ್ಟಲು ಹಿಡಿದು ಅವಳ ಹಿಂದೆ ಏಳು ಮನೆ ತಿರುಗಿದೆ. “ನಮ್ಮ ಸೋಮಣ್ಣನ ಲಗ್ನ” ಎನ್ನುತ್ತ ಅವಳು ಎಲ್ಲರ ಅಂಗೈಗೆ ಸಕ್ಕರೆ ಹಾಕಿದಳು. ಪಕ್ಕದ ಖೋಲಿಯ ಚಂದ್ರಬಾಯಿ ನಮ್ಮಲ್ಲೇ ಬಂದು ಕುಳಿತಳು, ತಾರೀಖು ಕೇಳಿಕೊಂಡೇ ಹೋಗುತ್ತೇನೆಂದು.

ಅಪ್ಪ ಬಂದ. ಅವ್ವ ಅವನ ಕೈಗೆ ಕಾರ್ಡು ಕೊಟ್ಟು, ತನ್ನ ಬಾಯಿಗೊಂದು ಚಿಟಿಕೆ ಸಕ್ಕರೆ ಹಾಕಿಕೊಂಡಳು. ಅಲ್ಲಿಯವರೆಗೆ ಹಂಚುವ ಗಡಿಬಿಡಿಯಲ್ಲಿ ತಾನು ತಿಂದೇ ಇರಲಿಲ್ಲ.

“ಎಂದ ಅದ? ಲಗೂನ ಹೇಳ್ರಿ.”

ಅಪ್ಪ ಓದಿದ. ಮತ್ತೆ ಮೊದಲಿನಿಂದ ಓದಿದ. ಕಾರ್ಡು ತಿರುಗಿಸಿ ಮೂಲೆಗಳನ್ನು ನೋಡಿದ.

“ಇದಕ್ಕ ಅರಿಷಿಣ ಹಚ್ಚಿದವರು ಯಾರು?”

“ನಾನಪ್ಪಾ!” ಎಂದೆ, ಎದೆ ಉಬ್ಬಿಸಿ. “ಮೂಲಿಗೆಲ್ಲಾ ಕರೇ ಮಸಿ ಆಗಿತ್ತು. ಹರದು ಒಗದು ಛಂದ ಮಾಡೀನಿ.”

ಕನ್ನಡ ತಿಳಿಯದ ಚಂದ್ರಬಾಯಿ ನನ್ನ ಕೆನ್ನೆ ಹಿಂಡಿ ನಕ್ಕಳು. ಅವ್ವನಿಗೆ ಮಾತ್ರ ತಿಳಿದುಹೋಯಿತು. ಅಪ್ಪ ಇನ್ನೂ ಒಂದು ಅಕ್ಷರ ಓದಿ ಹೇಳಿರಲಿಲ್ಲ.

“ಯಾರು?” ಎಂದಳು.

“ಸೋಮಣ್ಣ. ಹೊಲದಾಗ ಪಂಪಿನ ಕರೆಂಟ ಹೊಡದದ. ಎಂಟು ದಿನಾ ಆತು.”

ಒಡಹುಟ್ಟಿದ ತಮ್ಮ ಸತ್ತದ್ದಕ್ಕೆ ನನ್ನವ್ವ ಏಳು ಮನೆಗೆ ಸಕ್ಕರೆ ಹಂಚಿ ಬಂದಿದ್ದಳು. ಹಂಚಿಸಿದವಳು ನಾನು. ಅವಳು ಬೈಯಲಿಲ್ಲ, ಹೊಡೆಯಲಿಲ್ಲ, ಅಳಲೂ ಇಲ್ಲ. ಬಾಯಲ್ಲಿದ್ದ ಸಕ್ಕರೆಯನ್ನು ನುಂಗಲಾರದೆ, ಉಗುಳಲಾರದೆ, ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತ ನಿಂತಳು.